ಕ್ಯಾಪ್ಟನ್ ವಾನ್ ಝಾಂಟೆನ್ ಮತ್ತು ಮೂರು ಸೆಕೆಂಡಿನ ಸೀಟಿ

ಯಾಕೋಬ್ ವಾನ್ ಝಾಂಟೆನ್ ಹುಟ್ಟಿದ್ದು 1927ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಇಪ್ಪತ್ತರ ಆಸುಪಾಸಿನಲ್ಲೇ ವಿಮಾನ ಹಾರಿಸೋ ಲೈಸೆನ್ಸ್ ಪಡೆದು, ಮುಂದೆ ಕೆಎಲ್‌ಎಂ ಕಂಪನಿ ಸೇರಿದರು. ಬೋಯಿಂಗ್ 747 ಬಂದಾಗ ಅದನ್ನು ಕಲಿತರು, ಆಮೇಲೆ ಬೇರೆಯವರಿಗೂ ಕಲಿಸಿದರು. ಹೊತ್ತಿಗೆ ಸರಿಯಾಗಿ ಹೊರಡುವ ಕಂಪನಿ ಅಂತ ಹೇಳಿಕೊಳ್ಳೋಕೆ ಕೆಎಲ್‌ಎಂ ಮಾಡಿಸಿದ ಜಾಹೀರಾತಿನಲ್ಲಿ ನಗುತ್ತಾ ಕೂತಿದ್ದ ಪೈಲಟ್ ಇವರೇ.

ಹಾರಾಟದ ಅನುಭವ ಹನ್ನೊಂದು ಸಾವಿರ ಗಂಟೆ ಮೀರಿತ್ತು. ಆದರೆ ಕೊನೆಯ ವರ್ಷಗಳಲ್ಲಿ ಹೆಚ್ಚು ಹೊತ್ತು ಕಳೆದದ್ದು ಸಿಮ್ಯುಲೇಟರ್‌ನಲ್ಲಿ, ಮೇಷ್ಟ್ರಾಗಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಸಿಮ್ಯುಲೇಟರ್‌ನಲ್ಲಿ ಟವರ್ ಇರೋದಿಲ್ಲ. ಕಂಟ್ರೋಲರ್ ಮಾತನ್ನೂ ಮೇಷ್ಟ್ರೇ ಆಡ್ತಾರೆ. ಅಂದರೆ ಅಲ್ಲಿ ಅನುಮತಿ ಕೊಡುವವರೂ ಅವರೇ. ಎಷ್ಟೋ ಸಲ ಅನುಮತಿ ಕೇಳದೆಯೇ ಟೇಕಾಫ್ ಅಭ್ಯಾಸ ನಡೆಯುತ್ತಿತ್ತು.

1977ರ ಮಾರ್ಚ್ 27, ಭಾನುವಾರ. ಆಮ್‌ಸ್ಟರ್‌ಡ್ಯಾಮ್‌ನಿಂದ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ಗೆ ಪ್ರವಾಸಿಗರನ್ನು ಕರೆದೊಯ್ಯುವ ಕೆಲಸ ಅವರದು. ಆ ನಿಲ್ದಾಣದಲ್ಲಿ ಬಾಂಬ್ ಸ್ಫೋಟವಾಗಿ, ಬರುತ್ತಿದ್ದ ವಿಮಾನಗಳನ್ನೆಲ್ಲ ಪಕ್ಕದ ಟೆನೆರಿಫ್ ದ್ವೀಪದ ಲಾಸ್ ರೋದೆಯೊಸ್‌ಗೆ ತಿರುಗಿಸಿದರು. ಸಣ್ಣ ನಿಲ್ದಾಣ, ಒಂದೇ ರನ್‌ವೇ. ಪಕ್ಕದ ಟ್ಯಾಕ್ಸಿವೇ ತುಂಬಾ ನಿಂತ ವಿಮಾನಗಳು. ಅವುಗಳಲ್ಲಿ ಲಾಸ್ ಏಂಜಲೀಸ್‌ನಿಂದ ಹೊರಟು ನ್ಯೂಯಾರ್ಕ್ ಮೂಲಕ ಬಂದ ಪ್ಯಾನ್ ಆಮ್‌ನ 747 ಕೂಡ ಒಂದು.

ಅವರಿಗೆ ಆತುರ ಇದ್ದದ್ದು ನಿಜ. ಸಿಬ್ಬಂದಿ ಎಷ್ಟು ಗಂಟೆ ಕೆಲಸ ಮಾಡಬಹುದು ಅನ್ನೋದರ ಬಗ್ಗೆ ಡಚ್ ಕಾನೂನು ಬಿಗಿಯಾಗಿತ್ತು, ಮೀರಿದರೆ ಕಂಬಿ ಎಣಿಸೋ ಭಯ. ಲಾಸ್ ಪಾಲ್ಮಾಸ್‌ನಲ್ಲಿ ಸಮಯ ಉಳಿಸೋಣ ಅಂತ ಇಲ್ಲೇ 55 ಸಾವಿರ ಲೀಟರ್‌ಗೂ ಹೆಚ್ಚು ಇಂಧನ ತುಂಬಿಸಿದರು. ಹಿಂದೆ ನಿಂತಿದ್ದ ಪ್ಯಾನ್ ಆಮ್‌ಗೆ ಪಕ್ಕದಿಂದ ನುಸುಳೋಕೆ ಜಾಗ ಸಾಲದೆ ಅದೂ ಕಾಯಬೇಕಾಯ್ತು. ಅಷ್ಟರಲ್ಲಿ ಮೋಡ ರನ್‌ವೇ ಮೇಲೇ ಬಂದು ಕೂತಿತು. ಸಮುದ್ರಮಟ್ಟದಿಂದ 600 ಮೀಟರ್‌ಗೂ ಎತ್ತರದ ಜಾಗ ಅದು, ಅಲ್ಲಿ ಇದು ಮಾಮೂಲು.

ಟ್ಯಾಕ್ಸಿವೇ ಕಟ್ಟಿಹೋಗಿದ್ದರಿಂದ ವಿಮಾನಗಳು ರನ್‌ವೇ ಮೇಲೇ ಆ ತುದಿವರೆಗೆ ಉರುಳಿಕೊಂಡು ಹೋಗಿ, ತಿರುಗಿ ನಿಂತು ಹಾರಬೇಕಿತ್ತು. ಕೆಎಲ್‌ಎಂ ಮುಂದೆ ಹೋಗಿ ತಿರುಗಿ ನಿಂತಿತು. ಹಿಂದೆ ಬರುತ್ತಿದ್ದ ಪ್ಯಾನ್ ಆಮ್ ಎಡಕ್ಕಿರೋ ಮೂರನೇ ತಿರುವಿನಲ್ಲಿ ಆಚೆ ಹೋಗಬೇಕು ಅಂತ ಆದೇಶ. ಆ ತಿರುವು 747ರಂಥ ದೈತ್ಯನಿಗೆ ಹೇಳಿಮಾಡಿಸಿದಷ್ಟು ಕಷ್ಟ. ಅವರು ಅದನ್ನು ದಾಟಿ ಮುಂದಕ್ಕೆ ಬಂದರು.

ಈಗ ಪರಿಸ್ಥಿತಿ ನೋಡಿ. ಟವರ್‌ಗೆ ಎರಡೂ ವಿಮಾನ ಕಾಣ್ತಿಲ್ಲ. ವಿಮಾನಗಳಿಗೆ ಒಂದಕ್ಕೊಂದು ಕಾಣ್ತಿಲ್ಲ. ನೆಲದ ರಡಾರ್ ಇಲ್ಲ. ಎರಡು ವಿಮಾನಗಳ ನಡುವೆ ಕಾಯಬೇಕಾದ ಅಂತರ ಅಂತ ನಾವು ಏನು ಕರೀತೀವೋ, ಅದು ಆ ಹೊತ್ತಿಗೆ ಬರೀ ರೇಡಿಯೋ ಮಾತಿನಲ್ಲಿತ್ತು.

ತಿರುಗಿ ನಿಂತ ತಕ್ಷಣ ವಾನ್ ಝಾಂಟೆನ್ ಥ್ರಾಟಲ್ ಮುಂದಕ್ಕೆ ತಳ್ಳಿದರು. ಇನ್ನೂ ಅನುಮತಿ ಸಿಕ್ಕಿಲ್ಲ ಅಂತ ಸಹಪೈಲಟ್ ನೆನಪಿಸಿದರು. ಗೊತ್ತು, ಕೇಳಿ ಅಂದರು ಕ್ಯಾಪ್ಟನ್. ಟವರ್‌ನಿಂದ ಬಂದದ್ದು ಹಾರಿದ ಮೇಲೆ ಯಾವ ದಾರಿ ಹಿಡಿಯಬೇಕು ಅನ್ನೋ ವಿವರ ಮಾತ್ರ, ಹೊರಡೋ ಅನುಮತಿ ಅಲ್ಲ. ಆದರೆ ಅದರೊಳಗೆ ಟೇಕಾಫ್ ಅನ್ನೋ ಪದ ಇತ್ತು. ಸಹಪೈಲಟ್ ಅದನ್ನು ಮರಳಿ ಓದಿ ಮುಗಿಸೋ ಮೊದಲೇ ಕ್ಯಾಪ್ಟನ್ ಬ್ರೇಕ್ ಬಿಟ್ಟಿದ್ದರು. ಸಹಪೈಲಟ್ ಕೊನೆಗೆ, ನಾವೀಗ ಟೇಕಾಫ್‌ನಲ್ಲಿದ್ದೇವೆ ಎಂಬರ್ಥದ ಒಂದು ಅಡ್ಡಾದಿಡ್ಡಿ ಇಂಗ್ಲಿಷ್ ವಾಕ್ಯ ಸೇರಿಸಿದರು. ಟವರ್‌ಗೆ ಅದು, ಟೇಕಾಫ್ ಜಾಗದಲ್ಲಿ ಸಿದ್ಧ ನಿಂತಿದ್ದೇವೆ ಅಂತ ಅರ್ಥವಾಯ್ತು. ಎರಡನೇ ಸಲ ಕ್ಯಾಪ್ಟನ್‌ಗೆ ಎದುರು ಹೇಳೋ ಧೈರ್ಯ ಸಹಪೈಲಟ್‌ಗೆ ಬರಲಿಲ್ಲವೇನೋ ಅನ್ನಿಸುತ್ತೆ ನಮಗೆ. ಎರಡು ತಿಂಗಳ ಹಿಂದಷ್ಟೇ 747 ಪರೀಕ್ಷೆಯಲ್ಲಿ ಅವರನ್ನು ಪಾಸ್ ಮಾಡಿದ್ದವರೇ ಪಕ್ಕದ ಸೀಟಿನಲ್ಲಿದ್ದರು! ವೈವಾ ತಗೊಂಡ ಮೇಷ್ಟ್ರಿಗೆ ತಪ್ಪು ತೋರಿಸೋದು ಎಷ್ಟು ಸುಲಭ ಅಂತ ನಿಮಗೇ ಗೊತ್ತು.

ಟವರ್ ಓಕೆ ಅಂದಿತು. ಕ್ಷಣ ಬಿಟ್ಟು, ಕಾಯಿರಿ, ನಾನೇ ಕರೀತೀನಿ ಅಂತಲೂ ಹೇಳಿತು. ಅದೇ ಕ್ಷಣಕ್ಕೆ ಗಾಬರಿಯಾದ ಪ್ಯಾನ್ ಆಮ್, ನಾವಿನ್ನೂ ರನ್‌ವೇ ಮೇಲಿದ್ದೇವೆ ಅಂತ ಹೇಳಿತು. ವಿಮಾನದ ರೇಡಿಯೋ ಒಂದೇ ಚಾನಲ್‌ನ ವಿಎಚ್‌ಎಫ್, ಎಎಂ ಮಾಡ್ಯುಲೇಶನ್. ಇಬ್ಬರು ಒಟ್ಟಿಗೆ ಒತ್ತಿದರೆ ಎರಡು ಕ್ಯಾರಿಯರ್‌ಗಳ ಆವರ್ತನದ ವ್ಯತ್ಯಾಸವೇ ಸೀಟಿಯಾಗಿ ಕೇಳುತ್ತೆ. ಇಸಿ ಹುಡುಗರು ಲ್ಯಾಬ್‌ನಲ್ಲಿ ನೋಡೋ ಹೆಟರೊಡೈನ್ ಅದೇ. ಮೂರ್ನಾಲ್ಕು ಸೆಕೆಂಡ್ ಕೆಎಲ್‌ಎಂ ಕಾಕ್‌ಪಿಟ್ ತುಂಬಾ ಆ ಸೀಟಿ. ಸ್ಪಷ್ಟವಾಗಿ ಕೇಳಿಸಿದ್ದು ಓಕೆ ಮಾತ್ರ.

ಆಮೇಲೂ ಒಂದು ಅವಕಾಶ ಇತ್ತು. ರನ್‌ವೇ ಬಿಟ್ಟ ಮೇಲೆ ತಿಳಿಸ್ತೀವಿ ಅಂತ ಪ್ಯಾನ್ ಆಮ್ ಹೇಳಿದ್ದು ಕೆಎಲ್‌ಎಂಗೆ ಕೇಳಿಸಿತ್ತು. ಹಾಗಾದರೆ ಅವರಿನ್ನೂ ಹೋಗಿಲ್ವಾ ಅಂತ ಫ್ಲೈಟ್ ಎಂಜಿನಿಯರ್ ಕೇಳಿದರು. ಹೋಗಿದ್ದಾರೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಅಂದರು. ಎಂಜಿನಿಯರ್ ಸುಮ್ಮನಾದರು.

ಎದುರಿನ ವಿಮಾನ ಮಂಜಿನಿಂದ ಕಾಣಿಸಿಕೊಂಡಾಗ ವಾನ್ ಝಾಂಟೆನ್ ಮೂತಿ ಎತ್ತಿದರು, ಬಾಲ ರನ್‌ವೇಗೆ ಉಜ್ಜುವಷ್ಟು. ಸಾಲಲಿಲ್ಲ. ಕೆಎಲ್‌ಎಂನಲ್ಲಿದ್ದ 248 ಜನರೂ, ಪ್ಯಾನ್ ಆಮ್‌ನ 335 ಜನರೂ ಸತ್ತರು. ಪ್ಯಾನ್ ಆಮ್‌ನಿಂದ 61 ಮಂದಿ ಬದುಕಿದರು. ಸುದ್ದಿ ತಲುಪಿದಾಗ ಕೆಎಲ್‌ಎಂನವರು ತನಿಖೆಗೆ ಕಳಿಸೋಕೆ ವಾನ್ ಝಾಂಟೆನ್ ಅವರನ್ನೇ ಹುಡುಕಿದರಂತೆ.

ಅನುಮತಿ ಇಲ್ಲದೆ ಹೊರಟರು ಅಂತ ಸ್ಪೇನ್‌ನ ತನಿಖೆ ಅವರ ಮೇಲೆ ಬೆರಳು ಮಾಡಿತು. ಡಚ್ಚರು, ಎಲ್ಲರ ಮಾತೂ ಎಲ್ಲರಿಗೂ ತಪ್ಪಾಗಿ ಅರ್ಥವಾಯ್ತು ಅಂತ ವಾದಿಸಿದರು. ಕೊನೆಗೆ ಕೆಎಲ್‌ಎಂ ಹೊಣೆ ಹೊತ್ತು ಪರಿಹಾರ ಕೊಟ್ಟಿತು. ಬ್ರೇಕ್ ಬಿಟ್ಟದ್ದು ಅವರೇ, ಅದನ್ನು ನಾವೂ ಅಲ್ಲಗಳೆಯೋಲ್ಲ. ಆದರೆ ಒಂದು ಓಕೆಗೆ ಎರಡು ಅರ್ಥ ಬರೋ ಹಾಗೆ ಕಟ್ಟಿದ್ದ ಪ್ರೋಟೋಕಾಲ್ ಅವರು ಬರೆದದ್ದಲ್ಲ.

ಆಮೇಲೆ ಅದನ್ನು ಬದಲಾಯಿಸಿದರು. ಆದೇಶದ ಮುಖ್ಯ ಭಾಗವನ್ನು ಬರೀ ಓಕೆ ಅಂದು ಒಪ್ಪಿಕೊಳ್ಳೋ ಹಾಗಿಲ್ಲ, ಮರಳಿ ಓದಲೇಬೇಕು. ಕಿರಿಯರು ಕ್ಯಾಪ್ಟನ್‌ನನ್ನು ಪ್ರಶ್ನಿಸೋದನ್ನೂ ತರಬೇತಿಯಲ್ಲೇ ಕಲಿಸ್ತಾರೆ. ಟೇಕಾಫ್ ಅನ್ನೋ ಪದವನ್ನು ಇವತ್ತು ಟವರ್ ಬಳಸೋದು ಆ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ. ಮಿಕ್ಕೆಲ್ಲ ಕಡೆ ಡಿಪಾರ್ಚರ್.