ಕನ್ನಡಕ್ಕೆ ಬಂಧುವಾದ ಕಸಿನ್ಸ್

ಆಂಗ್ಲ ಭಾಷೆಯಲ್ಲಿ ಕಸಿನ್ ಎಂದರೆ ಕಾಕಾ, ಸೋದರಮಾವಂದಿರ ಮಕ್ಕಳು. ಈ ನಂಟಿನ ಮಾತನ್ನೇ ಅಡ್ಡಹೆಸರಾಗಿ ಹೊತ್ತ ಮನೆತನಗಳು ಐರ್ಲೆಂಡಿನಲ್ಲಿವೆ. ಅಂಥದೊಂದು ಮನೆತನದ ಕವಿ ಜೇಮ್ಸ್ ಹೆನ್ರಿ ಕಸಿನ್ಸರು ನಮ್ಮ ನುಡಿಗೆ ನಿಜವಾಗಿಯೂ ಬಂಧುವಾದರು.

ಅವರು ಹುಟ್ಟಿದ್ದು 1873ರಲ್ಲಿ, ಬೆಲ್‌ಫಾಸ್ಟ್ ನಗರದಲ್ಲಿ. ಮೊದಲು ಕಾರಕೂನರಾಗಿ ದುಡಿದು, 1897ರಲ್ಲಿ ಡಬ್ಲಿನ್ ಸೇರಿ, ಕವಿ ಯೇಟ್ಸ್ ಮುಂತಾದವರ ಸಾಹಿತ್ಯ ಪುನರುಜ್ಜೀವನದಲ್ಲಿ ಪಾಲುಗೊಂಡರು. 1903ರಲ್ಲಿ ಮಾರ್ಗರೆಟ್ ಗಿಲೆಸ್ಪಿಯವರನ್ನು ವಿವಾಹವಾದರು. ಆ್ಯನಿ ಬೆಸೆಂಟರ ಕರೆಯ ಮೇರೆಗೆ 1915ರಲ್ಲಿ ದಂಪತಿಗಳು ಭಾರತಕ್ಕೆ ಬಂದು, ಮುಂದೆ ಮದನಪಲ್ಲಿಯ ಕಾಲೇಜಿನಲ್ಲಿ ಸೇವೆಗೆ ನಿಂತರು. 1919ರಲ್ಲಿ ರವೀಂದ್ರರು ಅಲ್ಲಿಗೆ ಬಂದಾಗ ‘ಜನಗಣಮನ’ದ ಧಾಟಿಗೆ ಸ್ವರಲಿಪಿ ಬರೆದವರು ಮಾರ್ಗರೆಟ್ಟರೇ.

1924ರಲ್ಲಿ ಕಸಿನ್ಸರು ಮೈಸೂರಿಗೆ ಬಂದರು. ಹತ್ತೊಂಬತ್ತರ ವಿದ್ಯಾರ್ಥಿಯೊಬ್ಬನು ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಅವರನ್ನು ಕಂಡನು. ಆತನ ಇಂಗ್ಲಿಷ್ ಕವನಗಳ ಪುಸ್ತಕವೊಂದು ಎರಡು ವರ್ಷ ಮೊದಲೇ ಅಚ್ಚಾಗಿತ್ತು. ಹೊಗಳಿಕೆಯನ್ನು ನಿರೀಕ್ಷಿಸಿದ್ದವನಿಗೆ ದೊರೆತದ್ದು ಬೇರೆ ಪ್ರಶ್ನೆ: ಸ್ವಂತ ಭಾಷೆಯಲ್ಲಿ ಏನು ಬರೆದಿದ್ದೀಯೆ? ಹೊಸ ಭಾವಕ್ಕೆ ಕನ್ನಡ ಸಾಲದೆಂದು ಯುವಕನು ಹಿಂಜರಿದಾಗ, ಹೊಸ ಛಂದಸ್ಸನ್ನು ತರುವ ಹೊಣೆ ಕವಿಯದೇ ಎಂದು ಹಿರಿಯರು ತಿಳಿಹೇಳಿದರು. ಆ ಯುವಕನೇ ಕುವೆಂಪು. ಅದೇ ವರ್ಷ ಅವರ ‘ಅಮಲನ ಕಥೆ’ ಹೊರಬಂದಿತು. 1955ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಕೃತಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಮರುವರ್ಷ ಕಸಿನ್ಸರು ಮದನಪಲ್ಲಿಯಲ್ಲಿ ತೀರಿಕೊಂಡರು.

ಕಸಿನ್ಸರು ಬರೆದದ್ದಾದರೂ ಇಂಗ್ಲಿಷಿನಲ್ಲಿಯೇ. ಅವರ ನಾಡಿನ ಐರಿಷ್ ನುಡಿ ಬಹುಮಟ್ಟಿಗೆ ಜನರ ಬಾಯಿಂದ ಜಾರಿಹೋಗಿತ್ತು. ನುಡಿ ಕಳೆದ ನಾಡಿನವನ ಬಾಯಿಂದ ಬಂದದ್ದರಿಂದಲೇ ಆ ಬುದ್ಧಿವಾದಕ್ಕೆ ತೂಕ ಹೆಚ್ಚು.

ಘೋಡಗೇರಿಯಂಥ ಹಳ್ಳಿಗಳಿಂದ ಕಾಲೇಜಿಗೆ ಬರುವ ನಮಗೆ ನಮ್ಮ ಮಾತು ಒರಟೆಂಬ ಅಳುಕು ಇದ್ದೇ ಇದೆ. ತರಗತಿಯಲ್ಲಿ ಎದ್ದು ನಿಂತರೆ ನಾಲಿಗೆ ತಡವರಿಸುತ್ತದೆ. ಆದರೆ ಇದೇ ಗೋಕಾವಿ ನಾಡಿನ ಬೆಟಗೇರಿ ಕೃಷ್ಣಶರ್ಮರು ಈ ಮಾತಿನಲ್ಲಿಯೇ ಹಾಡು ಕಟ್ಟಿದರು. ಇಂಗ್ಲಿಷನ್ನು ನಾವು ಕಲಿಯಲೇಬೇಕು, ಚೆನ್ನಾಗಿಯೇ ಕಲಿಯೋಣ. ಆದರೆ ಕಸಿನ್ಸರು ಅಂದು ಕೇಳಿದ ಪ್ರಶ್ನೆ ಇಂದು ನಮ್ಮ ಮುಂದೆಯೂ ಇದೆ. ಉತ್ತರವನ್ನು ನಾವು ಬರೆದೇ ಹೇಳಬೇಕು.