ಬದಲಿ ಉಪಾಧ್ಯಾಯ ಐನ್‌ಸ್ಟೈನ್

ಜಗದ್ವಿಖ್ಯಾತ ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಅವರು 1879ರ ಮಾರ್ಚ್ 14ರಂದು ಜರ್ಮನಿಯ ಉಲ್ಮ್ ನಗರದಲ್ಲಿ ಜನಿಸಿದರು. ಅವರು ಓದಿದ ಮ್ಯೂನಿಕ್ ನಗರದ ಪ್ರೌಢಶಾಲೆಯಲ್ಲಿ ಕಠೋರವಾದ ಶಿಸ್ತು ಇದ್ದಿತು; ಪಾಠವನ್ನು ಕಂಠಪಾಠ ಮಾಡಿ ಒಪ್ಪಿಸುವುದಕ್ಕೇ ಪ್ರಾಶಸ್ತ್ಯ. ಪ್ರಶ್ನಿಸುವ ಸ್ವಭಾವದ ಬಾಲಕನಿಗೆ ಅದು ಸಹಿಸದಾಯಿತು. ಓದು ಮುಗಿಯುವ ಮುನ್ನವೇ ಅವರು ಆ ಶಾಲೆಯನ್ನು ತೊರೆದರು. 1895ರಲ್ಲಿ ಸ್ವಿಟ್ಜರ್ಲೆಂಡಿನ ಆರೌ ಪಟ್ಟಣದ ಶಾಲೆಗೆ ಸೇರಿದಾಗ ಬೇರೊಂದು ಲೋಕವೇ ಅವರ ಮುಂದೆ ತೆರೆಯಿತು. ವಿದ್ಯಾರ್ಥಿಯು ತಾನೇ ನೋಡಿ, ತಾನೇ ಯೋಚಿಸಿ ಕಲಿಯಬೇಕೆಂಬುದು ಅಲ್ಲಿಯ ಗುರುಗಳ ಆಶಯ. ಭಯವು ಬುದ್ಧಿಯನ್ನು ಮುದುಡಿಸುತ್ತದೆ, ವಿಶ್ವಾಸವು ಅದನ್ನು ಅರಳಿಸುತ್ತದೆ ಎಂಬುದು ಹೀಗೆ ಅವರಿಗೆ ಸ್ವಾನುಭವದಿಂದಲೇ ವೇದ್ಯವಾಯಿತು.

1900ರಲ್ಲಿ ಜ್ಯೂರಿಕ್ ನಗರದ ಪಾಲಿಟೆಕ್ನಿಕ್‌ನಲ್ಲಿ ಗಣಿತ ಮತ್ತು ಭೌತವಿಜ್ಞಾನಗಳನ್ನು ಬೋಧಿಸುವ ಅರ್ಹತೆಯನ್ನು ಅವರು ಪಡೆದರು. ಆದರೆ ಉದ್ಯೋಗ ದೊರೆಯಲಿಲ್ಲ. ಹಲವು ಪ್ರಾಧ್ಯಾಪಕರಿಗೆ ಬರೆದ ಪತ್ರಗಳು ನಿಷ್ಫಲವಾದವು. ತಂದೆಯ ವ್ಯಾಪಾರವೂ ಕುಸಿದಿದ್ದಿತು. ಆಗ ವಿಂಟರ್‌ಥೂರ್ ಪಟ್ಟಣದ ತಾಂತ್ರಿಕ ಶಾಲೆಯಿಂದ ಕರೆ ಬಂದಿತು. ಅಲ್ಲಿಯ ಅಧ್ಯಾಪಕರೊಬ್ಬರು ಸೈನಿಕ ಸೇವೆಗೆ ತೆರಳಬೇಕಾಗಿದ್ದಿತು; ಅವರು ಹಿಂದಿರುಗುವವರೆಗೆ, ಎಂದರೆ ಕೇವಲ ಎರಡು ತಿಂಗಳ ಕಾಲ, ಗಣಿತವನ್ನು ಬೋಧಿಸಬೇಕು. ವಾರಕ್ಕೆ ಸುಮಾರು 30 ಗಂಟೆಗಳ ಪಾಠ! ಐನ್‌ಸ್ಟೈನರು ಹಿಂಜರಿಯದೆ ಒಪ್ಪಿದರು.

1901ರ ಮೇ ತಿಂಗಳಿನಲ್ಲಿ ಕೆಲಸ ಆರಂಭವಾಯಿತು. ಬೆಳಗಿನ ವೇಳೆ ಐದಾರು ಗಂಟೆ ಪಾಠ ಹೇಳಿದರೂ ಅವರಿಗೆ ದಣಿವೆನಿಸುತ್ತಿರಲಿಲ್ಲ. ಮಧ್ಯಾಹ್ನ ತಮ್ಮ ಅಧ್ಯಯನದಲ್ಲಿ ತೊಡಗುತ್ತಿದ್ದರು. ಬೋಧನೆ ಇಷ್ಟೊಂದು ಆನಂದವನ್ನು ನೀಡೀತೆಂದು ಅವರು ಊಹಿಸಿಯೇ ಇರಲಿಲ್ಲ. ಜುಲೈ ತಿಂಗಳಿನಲ್ಲಿ ಅವಧಿ ಮುಗಿದು ಅವರು ಮತ್ತೆ ನಿರುದ್ಯೋಗಿಯಾದರು. ಹುದ್ದೆ ಕೈತಪ್ಪಿತು, ಕಲಿಸುವ ಉತ್ಸಾಹ ಉಳಿಯಿತು.

1902ರಲ್ಲಿ ಬರ್ನ್ ನಗರದಲ್ಲಿ ಅವರು ಮನೆಪಾಠಕ್ಕಾಗಿ ಪ್ರಕಟಣೆ ನೀಡಿದರು. ಅದನ್ನು ಕಂಡು ಬಂದ ಮಾರಿಸ್ ಸೊಲೊವಿನ್ ಎಂಬ ತರುಣನ ಕುತೂಹಲವನ್ನು ಮನಗಂಡ ಐನ್‌ಸ್ಟೈನರು ಕ್ರಮಬದ್ಧ ಪಾಠವನ್ನೇ ಕೈಬಿಟ್ಟು, ಸಮಾನರಂತೆ ಕುಳಿತು ಚರ್ಚಿಸತೊಡಗಿದರು. ಶಿಷ್ಯನು ಆಜೀವ ಮಿತ್ರನಾದನು. 1909ರಲ್ಲಿ ಜ್ಯೂರಿಕ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದಾಗಲೂ ಉಪನ್ಯಾಸದ ನಡುವೆ ಯಾರು ಬೇಕಾದರೂ ಪ್ರಶ್ನೆ ಕೇಳಲು ಅವಕಾಶವಿದ್ದಿತು. ತರಗತಿಯ ಬಳಿಕ ವಿದ್ಯಾರ್ಥಿಗಳನ್ನು ಕಾಫಿಗೃಹಕ್ಕೆ ಕರೆದೊಯ್ದು ಚರ್ಚೆಯನ್ನು ಮುಂದುವರಿಸುತ್ತಿದ್ದರು.

1955ರ ಏಪ್ರಿಲ್ 18ರಂದು ಐನ್‌ಸ್ಟೈನರು ಕಾಲವಶರಾದರು. ಗುರುವಿನ ಹುದ್ದೆ ತಾತ್ಕಾಲಿಕವಾಗಿರಬಹುದು. ಆದರೆ ಶಿಷ್ಯನಲ್ಲಿ ಆತನು ಹೊತ್ತಿಸಿದ ಜಿಜ್ಞಾಸೆ ತಾತ್ಕಾಲಿಕವಲ್ಲ.