ಗಾನವೇ ಶಾಸ್ತ್ರವಾದ ಬಗೆ: ಮಾನವಿಯ ಶ್ರೀ ಜಗನ್ನಾಥದಾಸರು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯು ಹರಿದಾಸರ ತವರೆನಿಸಿದೆ. ಶ್ರೀ ವಿಜಯದಾಸರು ಚೀಕಲಪರವಿಯಲ್ಲಿ, ಶ್ರೀ ಗೋಪಾಲದಾಸರು ಮೊಸರಕಲ್ಲಿನಲ್ಲಿ, ಶ್ರೀ ಜಗನ್ನಾಥದಾಸರು ಬ್ಯಾಗವಟದಲ್ಲಿ ಜನಿಸಿದರು. ಈ ಮೂರೂ ಗ್ರಾಮಗಳು ಅದೇ ಸೀಮೆಯವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಆ ಪ್ರದೇಶವು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ವಿದ್ಯೆ, ಉದ್ಯೋಗಗಳ ನಿಮಿತ್ತ ಸಿಕಂದರಾಬಾದ್ ಮತ್ತು ಹೈದರಾಬಾದ್‌ಗಳಿಗೆ ಬಂದು ನೆಲೆಸಿದ ಅನೇಕ ಮಾಧ್ವ ಕುಟುಂಬಗಳ ಮೂಲ ಅಲ್ಲಿಯೇ ಇದೆ. ಆ ಕುಟುಂಬಗಳು ತಮ್ಮೊಡನೆ ತಂದ ಸಂಪತ್ತುಗಳಲ್ಲಿ ಹರಿಕಥಾಮೃತಸಾರದ ಪಾರಾಯಣವೂ ಒಂದು.

ಇಂದು ಮಠಗಳಲ್ಲಿಯೂ ಮನೆಗಳಲ್ಲಿಯೂ ರಾಗಬದ್ಧವಾಗಿ ಹಾಡಲ್ಪಡುವ ಆ ಮಹಾಕೃತಿಯ ಕರ್ತೃಗಳು ಒಂದು ಕಾಲಕ್ಕೆ ಕನ್ನಡದ ಹಾಡನ್ನೇ ಅನಾದರದಿಂದ ಕಂಡವರು. ಹಾಡಿನಲ್ಲಿ ಸೊಗಸಿರಬಹುದು, ಆದರೆ ತತ್ತ್ವವಿರಲು ಸಾಧ್ಯವೇ ಎಂಬ ಸಂಶಯ ಅವರದಾಗಿತ್ತು. ಆ ಸಂಶಯ ಹುಟ್ಟಿ, ಅಳಿದು, ಕೊನೆಗೆ ಒಂದು ಗ್ರಂಥವಾಗಿ ಫಲಿಸಿದುದೇ ಅವರ ಜೀವನಚರಿತ್ರೆಯ ಸಾರ.

ಜನನ ಮತ್ತು ವಿದ್ಯಾಭ್ಯಾಸ

ಕೀಲಕ ಸಂವತ್ಸರದ (1728) ಶ್ರಾವಣ ಶುದ್ಧ ಬಿದಿಗೆಯಂದು ಸದಾಚಾರಸಂಪನ್ನವಾದ ಮನೆತನದಲ್ಲಿ ದಾಸರಾಯರು ಜನಿಸಿದರು. ಪೂರ್ವಾಶ್ರಮದ ಹೆಸರು ಶ್ರೀನಿವಾಸ. ಪ್ರಹ್ಲಾದರಾಜರ ಸಹೋದರನಾದ ಸಹ್ಲಾದನ ಅಂಶಸಂಭೂತರು ಇವರೆಂಬುದು ಸಂಪ್ರದಾಯದ ನಂಬಿಕೆ. ಮಂತ್ರಾಲಯ ಪೀಠವನ್ನು ಅಲಂಕರಿಸಿದ್ದ ಶ್ರೀ ವರದೇಂದ್ರತೀರ್ಥರಲ್ಲಿ ನ್ಯಾಯ, ವ್ಯಾಕರಣ, ವೇದಾಂತಗಳನ್ನು ಅಭ್ಯಾಸ ಮಾಡಿ, ಶ್ರೀನಿವಾಸಾಚಾರ್ಯರೆಂದು ವಿದ್ವತ್ಸಭೆಗಳಲ್ಲಿ ಮನ್ನಣೆ ಪಡೆದರು. ಮಾನವಿಯಲ್ಲಿ ನೆಲೆಸಿ ಶಿಷ್ಯರಿಗೆ ಪಾಠ ಹೇಳತೊಡಗಿದರು.

ಅದೇ ಕಾಲದಲ್ಲಿ ಶ್ರೀ ವಿಜಯದಾಸರ ಕೀರ್ತಿ ನಾಡಿನಲ್ಲೆಲ್ಲ ಹರಡಿತ್ತು. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳಲ್ಲಿ ಕ್ರಮವಾಗಿ ಸಾಗಿ ಜತೆಯೊಂದಿಗೆ ಮುಗಿಯುವ ಸುಳಾದಿಗಳಲ್ಲಿ ಅವರು ದ್ವೈತ ಸಿದ್ಧಾಂತದ ಗೂಢ ಪ್ರಮೇಯಗಳನ್ನು ತುಂಬಿದ್ದರು. ಆದರೆ ತಂಬೂರಿ ಮೀಟಿ, ಗೆಜ್ಜೆ ಕಟ್ಟಿ, ಬೀದಿಯಲ್ಲಿ ಹಾಡಿ ಕುಣಿಯುವುದು ಶಾಸ್ತ್ರಜ್ಞರಿಗೆ ತಕ್ಕುದಲ್ಲವೆಂದು ಶ್ರೀನಿವಾಸಾಚಾರ್ಯರು ಭಾವಿಸಿದರು. ಈ ಭಾವನೆಯನ್ನು ಕೇವಲ ಅಹಂಕಾರವೆಂದು ತಳ್ಳಿಹಾಕುವುದು ಸುಲಭ. ಅದರ ಹಿಂದೆ ಒಂದು ಗಂಭೀರವಾದ ಆಕ್ಷೇಪವೂ ಇದೆ. ಕಿವಿ ರಾಗದಲ್ಲಿ ತಣಿದರೆ ಮನಸ್ಸು ಅರ್ಥವನ್ನು ಅರಸುವುದಿಲ್ಲ. ಸೌಂದರ್ಯವು ಸತ್ಯವನ್ನು ಮರೆಮಾಡೀತು ಎಂಬುದೇ ಆ ಆಕ್ಷೇಪ.

ಪರಿವರ್ತನೆ

ಶ್ರೀ ವಿಜಯದಾಸರು ಮಾನವಿಗೆ ಚಿತ್ತೈಸಿದಾಗ ಆಚಾರ್ಯರನ್ನು ತೀರ್ಥಪ್ರಸಾದಕ್ಕೆ ಆಹ್ವಾನಿಸಿದರು. ಆಚಾರ್ಯರು ಹೊಟ್ಟೆನೋವಿನ ನೆಪವೊಡ್ಡಿ ಹೋಗಲಿಲ್ಲ. ನೆಪವಾಗಿ ಹೇಳಿದ ವ್ಯಾಧಿಯೇ ನಿಜವಾಗಿ ಬಂದು ಅವರನ್ನು ಹಿಡಿಯಿತೆಂದು ಪರಂಪರೆಯು ಹೇಳುತ್ತದೆ. ಔಷಧೋಪಚಾರಗಳು ಫಲಿಸಲಿಲ್ಲ. ದೇಹ ಕೃಶವಾಯಿತು, ಪಾಠಪ್ರವಚನಗಳು ನಿಂತವು. ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದಾಗ, ಶ್ರೀ ರಾಘವೇಂದ್ರಸ್ವಾಮಿಗಳು ಸ್ವಪ್ನದಲ್ಲಿ ವಿಜಯದಾಸರನ್ನೇ ಶರಣು ಹೋಗುವಂತೆ ಸೂಚಿಸಿದರು. ಕ್ಷಮೆ ಬೇಡಿ ಬಂದ ಪಂಡಿತರನ್ನು ವಿಜಯದಾಸರು ಕರುಣೆಯಿಂದ ಕಂಡು, ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು.

ಗೋಪಾಲದಾಸರು ಆಗ ಉತ್ತನೂರಿನಲ್ಲಿದ್ದರು. ಇಂದು ಆ ಕ್ಷೇತ್ರವು ತೆಲಂಗಾಣದ ಜೋಗುಲಾಂಬ ಗದ್ವಾಲ ಜಿಲ್ಲೆಯಲ್ಲಿ, ಐಜದ ಸಮೀಪದಲ್ಲಿದೆ. ಅನ್ನವನ್ನೇ ಜೀರ್ಣಿಸಿಕೊಳ್ಳಲಾರದ ರೋಗಿಗೆ ಗೋಪಾಲದಾಸರು ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಉಣಿಸಿದರು. ಗುರುಗಳ ಆಜ್ಞೆಯಂತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು ಕೊಟ್ಟರು. ತಾವು ಕೀಳೆಂದು ಬಗೆದ ಹಾಡಿನ ಮಾರ್ಗದವರಿಂದಲೇ ಶ್ರೀನಿವಾಸಾಚಾರ್ಯರು ಪ್ರಾಣವನ್ನು ಪಡೆದಂತಾಯಿತು. ಅನಂತರ ಪಂಢರಪುರದಲ್ಲಿ ಚಂದ್ರಭಾಗಾ ಸ್ನಾನ ಮಾಡುತ್ತಿರುವಾಗ ಜಗನ್ನಾಥವಿಠಲ ಎಂಬ ಅಂಕಿತವುಳ್ಳ ಶಿಲೆ ಅವರಿಗೆ ದೊರೆಯಿತು. ಪಂಡಿತ ಶ್ರೀನಿವಾಸಾಚಾರ್ಯರು ಅಂದಿನಿಂದ ಜಗನ್ನಾಥದಾಸರಾದರು.

ನಾದದ ತತ್ತ್ವ

ದಾಸರಾಯರ ಮನಸ್ಸು ತಿರುಗಿದುದು ರೋಗಪರಿಹಾರದ ಕೃತಜ್ಞತೆಯಿಂದ ಮಾತ್ರವಲ್ಲ. ಅವರು ಓದಿದ ಶಾಸ್ತ್ರವೇ ಹಾಡಿನ ಪರವಾಗಿ ನಿಂತಿತ್ತು. ಸಕಲ ಶಬ್ದಗಳೂ ಮುಖ್ಯವೃತ್ತಿಯಿಂದ ಶ್ರೀಮನ್ನಾರಾಯಣನನ್ನೇ ಹೇಳುತ್ತವೆ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ವೇದದ ಶಬ್ದಗಳಷ್ಟೇ ಅಲ್ಲ, ಸಮುದ್ರದ ಮೊರೆತ, ಭೇರಿಯ ನಾದಗಳೂ ಅವನ ನಾಮಗಳೇ. ಕಡಲ ಮೊರೆತಕ್ಕೇ ಆ ಅಧಿಕಾರವಿರುವಾಗ ತಾಯಿನುಡಿಯಾದ ಕನ್ನಡಕ್ಕೆ ಅದು ಇಲ್ಲವೆನ್ನಲು ಬರುವುದಿಲ್ಲ. ಆದುದರಿಂದ ಹಾಡನ್ನು ಅನಾದರಿಸಿದ ಪಂಡಿತರು ದಾಸರಿಗಷ್ಟೇ ಅಲ್ಲ, ತಮ್ಮ ಸಿದ್ಧಾಂತಕ್ಕೂ ವಿರುದ್ಧವಾಗಿ ನಡೆದಿದ್ದರು.

ಸೌಂದರ್ಯದ ವಿಷಯದಲ್ಲಿಯೂ ಇದೇ ನ್ಯಾಯ. ಶ್ರೀಹರಿಯೊಬ್ಬನೇ ಸ್ವತಂತ್ರನು, ಮಿಕ್ಕುದೆಲ್ಲವೂ ಅವನ ಅಧೀನ. ಹೂವಿನ ಚೆಲುವು, ಕಂಠದ ಮಾಧುರ್ಯ, ಶಿಲ್ಪಿಯ ಕೈಚಳಕ ಇವೆಲ್ಲವೂ ಸತ್ಯವೇ, ಮಿಥ್ಯೆಯಲ್ಲ. ಆದರೆ ಅವು ತಮ್ಮ ಬಲದಿಂದ ನಿಂತಿಲ್ಲ. ಕನ್ನಡಿಯಲ್ಲಿನ ಮುಖಕ್ಕೆ ಮೂಲಮುಖವೇ ಆಧಾರವಾದಂತೆ ಪ್ರತಿಬಿಂಬದ ಸೊಬಗೆಲ್ಲ ಬಿಂಬದ ಅಧೀನ. ಹೀಗಾಗಿ ಸೌಂದರ್ಯವನ್ನು ನಿರಾಕರಿಸುವುದೂ ತಪ್ಪು, ಅದರಲ್ಲಿಯೇ ನಿಂತುಬಿಡುವುದೂ ತಪ್ಪು. ಭಾಗವತದಲ್ಲಿ ನಾರದರು ವೇದವ್ಯಾಸರ ಮುಂದೆ ಹೇಳುವುದರ ತಾತ್ಪರ್ಯವೂ ಇದೇ: ಹರಿಯಶಸ್ಸಿಲ್ಲದ ಚಮತ್ಕಾರದ ಮಾತು ಸಜ್ಜನರಿಗೆ ಬೇಡ, ಹರಿನಾಮವುಳ್ಳ ಮಾತು ದೋಷಯುಕ್ತವಾದರೂ ಗ್ರಾಹ್ಯ.

ಹರಿಕಥಾಮೃತಸಾರ

ಈ ದೃಷ್ಟಿಯೇ ಹರಿಕಥಾಮೃತಸಾರವಾಗಿ ರೂಪುಗೊಂಡಿತು. 32 ಸಂಧಿಗಳ ಈ ಗ್ರಂಥಕ್ಕೆ ದಾಸರಾಯರು ಆರಿಸಿಕೊಂಡುದು ಭಾಮಿನೀ ಷಟ್ಪದಿ. ಕುಮಾರವ್ಯಾಸನ ಭಾರತದಿಂದ ಕನ್ನಡಿಗರ ಕಿವಿಗೆ ಒಗ್ಗಿಹೋದ ಛಂದಸ್ಸು. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುವುದರಿಂದ ಅದಕ್ಕೆ ಸಹಜವಾದ ನಡಿಗೆಯಿದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆಗಳು. ಮೂರು ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆಗಳು. ಪದ್ಯವೊಂದಕ್ಕೆ ಒಟ್ಟು 102 ಮಾತ್ರೆಗಳು, ಜೊತೆಗೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸದ ನಿಯಮ. ಇಷ್ಟು ಬಿಗಿಯಾದ ಕಟ್ಟಿನೊಳಗೆ ತಾರತಮ್ಯ, ಬಿಂಬೋಪಾಸನೆ, ಜೀವಪ್ರಕ್ರಿಯೆ, ನಾಡೀವಿಚಾರಗಳಂತಹ ಕಠಿಣ ವಿಷಯಗಳನ್ನು ಕೂಡಿಸುವುದು ಸಾಮಾನ್ಯವಲ್ಲ. ಹಾಡುಗಾರನಿಗೆ ಶಾಸ್ತ್ರ ತಿಳಿಯದೆಂಬ ಮಾತಿಗೂ, ಶಾಸ್ತ್ರಜ್ಞನಿಗೆ ಹಾಡು ಒಲಿಯದೆಂಬ ಮಾತಿಗೂ ಈ ಒಂದು ಗ್ರಂಥವೇ ಉತ್ತರ.

ಇಲ್ಲಿ ಛಂದಸ್ಸು ತತ್ತ್ವಕ್ಕೆ ತೊಡಿಸಿದ ಆಭರಣವಲ್ಲ. ತತ್ತ್ವವನ್ನು ನೆನಪಿನಲ್ಲಿ ಹೊತ್ತುಕೊಂಡು ಹೋಗುವ ವಾಹನ. ಗ್ರಂಥವಿಲ್ಲದವನೂ ಲಯದ ಸಹಾಯದಿಂದ ಪದ್ಯವನ್ನು ಧಾರಣೆ ಮಾಡಬಲ್ಲನು. ಬಾಲ್ಯದಲ್ಲಿ ಧಾಟಿಯಾಗಿ ಕಿವಿಗೆ ಬಿದ್ದುದು ಪ್ರೌಢವಯಸ್ಸಿನಲ್ಲಿ ಅರ್ಥವಾಗಿ ತೆರೆದುಕೊಳ್ಳುತ್ತದೆ. ರಾಗವು ಅರ್ಥವನ್ನು ಮರೆಮಾಡುವುದೆಂಬ ಹಳೆಯ ಆಕ್ಷೇಪಕ್ಕೆ ದಾಸರಾಯರು ಕೊಟ್ಟ ಸಮಾಧಾನವಿದು: ರಾಗವು ಅರ್ಥವನ್ನು ಕಾಯ್ದಿಡಬಲ್ಲದು, ಕೇಳುವವನು ಅರ್ಥದ ಕಡೆಗೆ ನಡೆಯುವ ಶ್ರದ್ಧೆ ಇಟ್ಟುಕೊಂಡಿದ್ದರೆ.

ಇಂದ್ರಿಯಗಳನ್ನು ಅವರು ಶತ್ರುಗಳೆಂದು ಮಾತ್ರ ಕಾಣಲಿಲ್ಲ. ಪಂಚತನ್ಮಾತ್ರ ಸಂಧಿಯಲ್ಲಿ ಶಬ್ದ, ಸ್ಪರ್ಶ, ರೂಪ, ರಸ, ಗಂಧಗಳಲ್ಲಿ ಭಗವದ್ರೂಪಗಳ ಚಿಂತನೆಯಿದೆ. ಭೋಜನ ಸಂಧಿಯಲ್ಲಿ ಉಣ್ಣುವ ರಸಗಳಲ್ಲಿಯೂ, ಮಾತೃಕಾ ಸಂಧಿಯಲ್ಲಿ ವರ್ಣಮಾಲೆಯ ಅಕ್ಷರಗಳಲ್ಲಿಯೂ ಅವನ ಸನ್ನಿಧಾನವನ್ನು ಕಾಣುವ ಕ್ರಮವಿದೆ. ನೋಡುವುದು, ಕೇಳುವುದು, ಉಣ್ಣುವುದು ಎಲ್ಲವೂ ಅನುಸಂಧಾನವಿದ್ದರೆ ಪೂಜೆ, ಇಲ್ಲದಿದ್ದರೆ ಬರಿಯ ಭೋಗ. ಸಂಗೀತವೂ ಹಾಗೆಯೇ. ಒಂದೇ ಸ್ವರ, ಒಂದೇ ತಾಳ. ಹಾಡುವವನ ಜ್ಞಾನಭಕ್ತಿಗಳಿಂದ ಅದರ ಫಲ ಬೇರೆಯಾಗುತ್ತದೆ.

ಇನ್ನೊಂದು ಕೃತಿಯಾದ ತತ್ತ್ವಸುವ್ವಾಲಿಯನ್ನು ಅವರು ತ್ರಿಪದಿಯಲ್ಲಿ ರಚಿಸಿದರು. ಸುವ್ವಿ ಎಂಬುದು ಹೆಣ್ಣುಮಕ್ಕಳು ಧಾನ್ಯ ಕುಟ್ಟುವಾಗ ಹಾಡುತ್ತಿದ್ದ ಹಾಡಿನ ಸೊಲ್ಲು. ಒನಕೆಯ ಪೆಟ್ಟಿಗೆ ಹೊಂದಿದ ಆ ಧಾಟಿಯಲ್ಲಿ ತತ್ತ್ವವನ್ನು ಹೇಳಲು ಮುಂದಾದುದು ಒಂದು ಕಾಲದ ವಿದ್ಯಾಭಿಮಾನಿಯೇ ಎಂಬುದನ್ನು ನೆನೆದರೆ ಅವರು ಎಷ್ಟು ದೂರ ನಡೆದು ಬಂದರೆಂಬುದು ತಿಳಿಯುತ್ತದೆ.

ಕರ್ಜಗಿಯ ಶಿಷ್ಯರು

ದಾಸರಾಯರ ಶಿಷ್ಯರಲ್ಲಿ ಲಿಂಗಸೂಗೂರಿನ ಪ್ರಾಣೇಶದಾಸರು, ಶ್ರೀದವಿಠಲಾಂಕಿತರಾದ ಕರ್ಜಗಿಯ ದಾಸಪ್ಪನವರು ಪ್ರಸಿದ್ಧರು. ದಾಸಪ್ಪನವರು ಯೌವನದಲ್ಲಿ ವಿಷಯಸುಖಗಳಲ್ಲಿ ಮುಳುಗಿ, ನರ್ತಕಿಯೊಬ್ಬಳ ಸಂಗದಲ್ಲಿ ಕಾಲ ಕಳೆಯುತ್ತಿದ್ದರೆಂದೂ, ದಾಸರಾಯರ ಅನುಗ್ರಹದಿಂದ ಅವರ ಜೀವನ ತಿರುಗಿತೆಂದೂ ಪರಂಪರೆಯು ಹೇಳುತ್ತದೆ. ಗುರುಶಿಷ್ಯರ ಈ ಜೋಡಿ ಚಿಂತನಯೋಗ್ಯವಾದುದು. ಗುರುಗಳು ಮೊದಲು ತತ್ತ್ವವಿದ್ದೂ ಗಾನವನ್ನು ಬಿಟ್ಟಿದ್ದರು. ಶಿಷ್ಯರು ಗಾನನೃತ್ಯಗಳ ಸೊಗಸಿನಲ್ಲಿದ್ದೂ ತತ್ತ್ವವನ್ನು ಬಿಟ್ಟಿದ್ದರು. ಇಬ್ಬರ ಕೊರತೆಯೂ ಹರಿಸಂಕೀರ್ತನೆಯಲ್ಲಿ ತುಂಬಿತು. ಹರಿಕಥಾಮೃತಸಾರದ ಕೊನೆಯಲ್ಲಿ ಪಠಿಸುವ ಫಲಶ್ರುತಿ ಸಂಧಿಯನ್ನು ರಚಿಸಿದವರು ಈ ಶ್ರೀದವಿಠಲರೇ. ಅದನ್ನು ಸೇರಿಸಿ 33 ಸಂಧಿಗಳೆಂದು ಎಣಿಸುವುದೂ ರೂಢಿಯಲ್ಲಿದೆ.

ಹರಿಪದ

ಶುಕ್ಲ ಸಂವತ್ಸರದ (1809) ಭಾದ್ರಪದ ಶುದ್ಧ ನವಮಿಯಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ ದಾಸರಾಯರು ಮಾನವಿಯಲ್ಲಿ ಹರಿಪದವನ್ನು ಸೇರಿದರು. ಅವರು ವಾಸಿಸಿದ ಮನೆಯ ಕಂಬದಲ್ಲಿ ಅವರ ಸನ್ನಿಧಾನವಿದೆಯೆಂದು ಭಕ್ತರು ನಂಬಿ, ಇಂದಿಗೂ ಅಲ್ಲಿ ಸೇವೆ ಸಲ್ಲಿಸುತ್ತಾರೆ. ಅವರ ಕನ್ನಡ ಗ್ರಂಥಕ್ಕೆ ಮುಂದೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನಗಳು ಹುಟ್ಟಿದವು. ಸಂಸ್ಕೃತಕ್ಕೆ ಕನ್ನಡದಲ್ಲಿ ಅರ್ಥ ಬರೆಯುವುದು ವಾಡಿಕೆ. ಇಲ್ಲಿ ಕನ್ನಡದ ಹಾಡಿನ ಅರ್ಥಕ್ಕಾಗಿ ಪಂಡಿತರು ಸಂಸ್ಕೃತದಲ್ಲಿ ಲೇಖನಿ ಹಿಡಿದರು. ಹಾಡಿಗೆ ಶಾಸ್ತ್ರದ ಪಂಕ್ತಿಯಲ್ಲಿ ಸ್ಥಾನವಿಲ್ಲವೆಂದು ಒಮ್ಮೆ ಬಗೆದಿದ್ದವರ ಹಾಡಿಗೇ ಈ ಗೌರವ ಸಂದಿತು.

ಮಾನವಿಯಿಂದ ದೂರದ ನಗರಗಳಲ್ಲಿ ಕನ್ನಡ ಲಿಪಿಯನ್ನು ಓದಲಾರದ ಮಕ್ಕಳೂ ಹಿರಿಯರ ಧಾಟಿಯನ್ನು ಕೇಳಿ ಆ ಪದ್ಯಗಳನ್ನು ಕಲಿಯಬಲ್ಲರು. ಕಿವಿಯ ಮೂಲಕ ಒಳಗೆ ಬಂದ ನಾದವು ಒಂದು ದಿನ ಅರ್ಥವನ್ನು ಕೇಳೀತು. ಆ ದಿನ ಅರ್ಥವನ್ನು ಹೇಳಿಕೊಡುವ ಹೊಣೆ ಹಿರಿಯರದು. ರಾಗವನ್ನು ಮಾತ್ರ ಕೊಟ್ಟು ಅರ್ಥವನ್ನು ಕೊಡದಿದ್ದರೆ ಶ್ರೀನಿವಾಸಾಚಾರ್ಯರ ಹಳೆಯ ಆಕ್ಷೇಪವೇ ಗೆದ್ದಂತಾಗುತ್ತದೆ. ಎರಡನ್ನೂ ಕೊಟ್ಟರೆ ಜಗನ್ನಾಥದಾಸರ ಸೇವೆ ಸಂದಂತಾಗುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥